ಮನಿ ಹೊರಗಿನ ಕ್ಲೀನಿಂಗ್ ಕೆಲಸ ಶುರು ಮಾಡೀನಿ, ಕಲಬುರಗಿ ಪ್ರಾಪರ್ಟಿ ಏಜೆಂಟರ ಹತ್ರ ಹೆಂಗ ಹೋಗ್ಬೇಕ್ರಿ?

ತೊಳ್ಯೋ ಹುಡುಗ 32

ಎಲ್ರಿಗೂ ನಮಸ್ಕಾರ್ರೀ. ಭಾಳ ದಿನದಿಂದ ಇಲ್ಲಿ ಬರೀ ಓದ್ಕೋತ ಇದ್ದೆ, ಇವತ್ತ ಪೈಲೆ ಸಲ ಬರೀಲತ್ತೀನಿ, ಉದ್ದ ಆಗ್ತದ, ಸ್ವಲ್ಪ ಸಮಾಧಾನಲೇ ಓದ್ರಿ.

ನಂದು ಕಲಬುರಗಿ, ಸೇಡಂ ರೋಡ್ ಕಡೆ ಮನಿ. ನಾಕು ವರ್ಷ ಹೈದ್ರಾಬಾದ್‌ದಾಗ ಒಂದು ಕಾರ್ ವಾಶಿಂಗ್ ಸೆಂಟರ್‌ದಾಗ ದುಡಿದು ಹೊಳ್ಳಿ ಊರಿಗಿ ಬಂದೀನಿ. ಬಂದಮ್ಯಾಲ ಮನಿ ಹೊರಗಡೆ ತೊಳ್ಯೋ ಕೆಲಸ ಹಿಡ್ದೀನಿ, ಅಂದ್ರ ಗ್ವಾಡಿ ಮ್ಯಾಲಿನ ಪಾಚಿ, ಪ್ಯಾರಾಪೆಟ್ ಕೆಳಗ ಇಳಿದಿರ್ತಾವಲ್ಲ ಕರಿ ಕರಿ ಗೆರಿ ಅವು, ಕಂಪೌಂಡು, ಗೇಟು, ಪಾರ್ಕಿಂಗಿನ ಫರಸಿ, ಕಿಡಕಿ ಸಜ್ಜಾ ಮ್ಯಾಲಿನ ಪಾರಿವಾಳದ ಹೊಲಸು, ಮಾಳಿಗಿ, ಇಷ್ಟು. ನೀರು ಜೋರಲೇ ಹೊಡ್ಯೋ ಪ್ರೆಶರ್ ಮಷಿನ್ 150 ಬಾರ್‌ದು, ಸಿಂಗಲ್ ಫೇಸ್ ಕರೆಂಟ್ ಮ್ಯಾಲ ನಡೀತದ, ಸರ್ಕಾರದ ಮುದ್ರಾ ಯೋಜನೆದಾಗ ಶಿಶು ಸಾಲ 50,000 ತನಕ ಕೊಡ್ತಾರಲ್ಲ ಅದ್ರಾಗ ತಗೊಂಡೀನಿ. ಗಾಡಿ ನಮ್ ಮಾಮಾಂದು, ಹಳೀ ಟಾಟಾ ಏಸ್, ಅದ್ರ ಮ್ಯಾಲ 500 ಲೀಟರ್ ಸಿಂಟೆಕ್ಸ್ ಕೂಡಿಸೀನಿ ಯಾಕಂದ್ರ ಮಂದಿ ಮನಿ ಸಂಪಿನ ನೀರು ಕೇಳ್ಲಿಕ್ಕಿ ನಂಗ ಮನಸಿಲ್ಲ. ಮಷಿನ್ ಮಿನಿಟಿಗಿ 7 ಲೀಟರ್ ಕುಡೀತದ, ಒಂದು ಟಾಕಿ ತುಂಬಿದ್ರ ಒಂದು ತಾಸು ದಾಟಿ ಹತ್ತು ಮಿನಿಟ್ ನಡೀತದ. ನಾನು ಮತ್ತ ನಮ್ ಕಾಕಾನ ಮಗ, ಇಬ್ಬರೇ.

ದಸರಾ ಮುಂದ ಎಲ್ರೂ ಮನಿ ಸ್ವಚ್ಛ ಮಾಡೋ ಹೊತ್ತಿಗಿ ಬೀಗರು, ಗೆಳೆಯರು ಅಂತ 14 ಮನಿ ಸಿಕ್ವು. ದೀಪಾವಳಿ ಆದಮ್ಯಾಲ ಸುಮ್ಮ ಕುಂತೀವಿ. ಆಗ ನಂಗ ಅನಿಸ್ತು, ಮನಿ ಮಾರೋರು, ಬಾಡಗಿ ಕೊಡೋರು ಎಲ್ಲಾ ಏಜೆಂಟರ ಕೈಯಾಗ ಇರ್ತಾರ, ಒಬ್ಬೊಬ್ಬ ಏಜೆಂಟ ವರ್ಷಕ್ಕ ಎಷ್ಟೋ ಮನಿ ತೋರಸ್ತಾನ, ಅಂಥ ನಾಕ್ ಮಂದಿ ಕೈ ಹಿಡದ್ರ ಸಾಕು ಅಂತ. ಪ್ಯಾಂಪ್ಲೆಟ್ ಹೊಡಿಸಿದೆ, ಜೇವರ್ಗಿ ರೋಡ್, ಕುಸನೂರ ರೋಡ್, ಸೂಪರ್ ಮಾರ್ಕೆಟ್, ರಾಮ ಮಂದಿರ ಸರ್ಕಲ್ ಅಂತ ನಾಕ್ ದಿನ ತಿರುಗಿ 20 ಆಫೀಸಿಗಿ ಹೋಗಿ ಬಂದೆ. ಯಾರೂ ಕೆಟ್ಟ ಮಾತಾಡಿಲ್ರಿ, ಚಹಾ ಸುದ್ದ ಕುಡಿಸ್ಯಾರ. ಆದ್ರ ತಿಂಗಳಾತು, ಒಂದು ಫೋನ್ ಬಂದಿಲ್ಲ. ಒಬ್ಬರು ಮಾತ್ರ "ನಂಗೆಷ್ಟು ಕೊಡ್ತಿ" ಅಂದ್ರು. ಇನ್ನೊಬ್ಬರು ಮೂರು ಮನಿ ಪುಕ್ಕಟ ತೊಳದು ತೋರ್ಸು, ಆಮ್ಯಾಲ ನೋಡಾಣು ಅಂದ್ರು.

ಈಗ ನಂಗ ತಿಳೀಲಾರದ್ದು ಏನಂದ್ರ, ಕಮಿಷನ್ ಕೊಡ್ಬೇಕೋ ಬ್ಯಾಡೋ, ಪುಕ್ಕಟ ಮಾಡಿ ಕೊಡ್ಬೇಕೋ ಬ್ಯಾಡೋ, ಮತ್ತ ಏಜೆಂಟರ ಮುಂದ ಕುಂತಾಗ ಏನ್ ಮಾತಾಡ್ಬೇಕು. ನನ್ ಕೆಲಸದ ಮ್ಯಾಲ ನಂಗ ಭರೋಸ ಅದ, ಮಾತಾಡೋದೇ ಬರ್ಲತ್ತಿಲ್ಲ. ಈ ದಂಧೆದಾಗ ಇದ್ದೋರು, ಏಜೆಂಟ್ ಕೆಲಸ ಮಾಡೋರು ಯಾರರೆ ಇದ್ರ ಖರೇ ಮಾತು ಹೇಳ್ರಿ.


ಪ್ಲಾಟ್ ಕಾಕಾ

ತಮ್ಮಾ, ನಾ ಇದೇ ಊರಾಗ 18 ವರ್ಷದಿಂದ ಮನಿ, ಪ್ಲಾಟ್, ಬಾಡಗಿ ವ್ಯವಹಾರ ಮಾಡ್ಕೋತ ಬಂದೀನಿ, ಅದಕ್ಕ ನಮ್ ಟೇಬಲ್ ಈಚೆ ಕಡೆ ಕುಂತು ಹೇಳ್ತೀನಿ ಕೇಳು. ನಿನ್ ಪ್ಯಾಂಪ್ಲೆಟ್ ಯಾರೂ ಓದಿರಂಗಿಲ್ಲ. ನಮ್ ಆಫೀಸಿಗಿ ದಿನಾ ಪೇಂಟರ್, ಪಿಒಪಿ ಮಾಡೋರು, ಬೋರ್ ಹೊಡ್ಯೋರು, ಇಂಟೀರಿಯರ್‌ನೋರು, ಸಾಲ ಕೊಡಿಸೋರು ಎಲ್ಲಾ ಬಂದು ಕಾರ್ಡ್ ಇಟ್ಟು ಹೋಗ್ತಾರ. ಅದ್ರಾಗ ನಿಂದೂ ಒಂದು.

ನೀ ಒಂದು ಮಾತು ತಿಳ್ಕೋ. ಏಜೆಂಟಗ ಪಗಾರ ಇಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನ್ಯಾಗ ಸಹಿ ಬಿದ್ದ ದಿನ ಅವಗ ರೊಕ್ಕ, ಅಲ್ಲಿ ತನಕ ಪೆಟ್ರೋಲು, ಫೋನು, ಚಹಾ ಎಲ್ಲಾ ಸ್ವಂತ ಕಿಸೆದಿಂದ. ಹಂಗಿದ್ದಾಗ ನೀ ಹೋಗಿ "ಮನಿ ತೊಳಿತೀನ್ರಿ" ಅಂದ್ರ ಅವನ ಕಿವಿಗಿ "ಖರ್ಚು" ಅಂತ ಕೇಳಸ್ತದ, ಖರೇ ನೋಡಿದ್ರ ಆ ಖರ್ಚು ಅವಂದಲ್ಲ, ಮಾಲಕಂದು. ಅಂದ್ರ ನಿನ್ ಗಿರಾಕಿ ಮಾಲಕ, ಏಜೆಂಟ ಬರೀ ನಿನ್ ಹೆಸರು ಹೇಳೋ ಮನಷ್ಯಾ. ಅವ ಯಾಕ ಹೇಳ್ಬೇಕು? ಅವನ ಡ್ರಾಯರ್‌ದಾಗ ಒಂದು ಕೀಲಿಕೈ ಆರು ತಿಂಗಳಿಂದ ಬಿದ್ದದ ನೋಡು, ಅದ್ರ ಸಂಬಂಧ ಹೇಳ್ತಾನ.

ಆ ಕೀಲಿಕೈ ಕಥಿ ಏನಂದ್ರ, ಮನಿ ಖಾಲಿ ಬಿಟ್ಟು ಒಂದು ಮಳಿಗಾಲ ಹೋಗ್ಯಾದ. ನಾನು ಪಾರ್ಟಿ ಕರಕೊಂಡು ಹೋಗ್ತೀನಿ. ಗಾಡಿ ಇಳದು ಗೇಟ್ ತಗ್ಯೋದ್ರಾಗ ಮನಿ ಹೆಣ್ಮಗಳು ಅಲ್ಲೇ ನಿಂತು ಮ್ಯಾಲ ನೋಡ್ತಾಳ. ಟಾಕಿ ತುಂಬಿ ಹರದು ಹರದು ಗ್ವಾಡಿ ಮ್ಯಾಲ ಹಸರ ಪಟ್ಟಿ ಬಿದ್ದಿರ್ತದ, ಆಕಿ ಒಂದೇ ಮಾತು ಅಂತಾಳ, "ಇಲ್ಲಿ ಸೋರ್ತದ ಕಾಣ್ತದ." ಮುಗೀತು. ಆಮ್ಯಾಲ ಒಳಗ ಗ್ರಾನೈಟ್ ಇರಲಿ, ಸಾಗವಾನಿ ಬಾಗಲ ಇರಲಿ, ಎಲ್ಲಾ ಸಂಶಯದ ಕಣ್ಣಾಗೇ ನೋಡ್ತಾರ. ಮನಷ್ಯಾ ಮಾತ್ರ ಹಿಂದ ಬಂದು ನನ್ ಕಿವ್ಯಾಗ "ಒಂದು ಲಕ್ಷ ಇಳಸಾಕ ಹೇಳ್ರಿ" ಅಂತಾನ. ಒಂದು ಲಕ್ಷ ತಮ್ಮಾ, ಪಾಚಿ ಸಂಬಂಧ. ನೀ ಏಜೆಂಟನ ಮುಂದ ಕುಂತಾಗ ಮಷಿನ್ ಎಷ್ಟು ಬಾರ್ ಅಂತ ಹೇಳಬ್ಯಾಡ, ಇದನ್ನ ಮಾತಾಡು. "ನಿಮ್ ಹತ್ರ ಮುಂದಿನಿಂದ ಛಂದ ಕಾಣಲಾರದ ಮನಿ ಯಾವುದು ಅದ ಹೇಳ್ರಿ, ಒಂದ್ ಸಲ ನೋಡ್ಕೊಂಡು ಬರ್ತೀನಿ" ಅನ್ನು. ಎಲ್ಲಾ ಏಜೆಂಟರ ಹತ್ರ ಅಂಥದ್ದು ಒಂದು ಇರ್ತದ, ಕೇಳಿದ ಕೂಡ್ಲೆ ಮಾರಿ ಮ್ಯಾಲ ಬರ್ತದ.

ಇನ್ನೊಂದು, 20 ಮಂದಿ ಹತ್ರ ಹೋಗಿದ್ದು ತಪ್ಪಲ್ಲ ಆದ್ರ ಅದ್ರಾಗ ಅರ್ಧಕ್ಕರ್ಧ ಎನ್ಎ (ಕೃಷಿಯೇತರ) ಪ್ಲಾಟ್ ಮಾರೋರೇ ಇರ್ತಾರ, ಅವರ ಹತ್ರ ತೊಳೀಲಿಕ್ಕಿ ಏನದ? ನಾಕು ಮೂಲಿಗಿ ಕಲ್ಲು ನಟ್ಟ ಬಯಲು. ಹಳೀ ಮನಿ ಮಾರೋರನ್ನ, ಬಾಡಗಿ ಮನಿ ನೋಡೋರನ್ನ ಹುಡುಕು. ಗೋದುತಾಯಿ ನಗರ, ಜೇವರ್ಗಿ ರೋಡ್ ಕಾಲನಿಗಳು ಅಂತ ಮುಂಜಾನಿ ಗಾಡಿ ಮ್ಯಾಲ ಒಂದು ಸುತ್ತು ಹಾಕು, ಗೇಟಿಗಿ "ಮನಿ ಮಾರಾಟಕ್ಕದ" ಅಂತ ಬೋರ್ಡ್ ಕಟ್ಟಿರ್ತಾರ, ನಂಬರ್ ಅಲ್ಲೇ ಇರ್ತದ. ಓಎಲ್ಎಕ್ಸ್, ಮ್ಯಾಜಿಕ್ ಬ್ರಿಕ್ಸ್ ಮ್ಯಾಲ ಫೋಟೋ ನೋಡು, ಯಾವ ಮನಿಗಿ ಒಳಗಿನ ಫೋಟೋ ಹತ್ತು ಹಾಕಿ ಮುಂದಿನ ಫೋಟೋ ಒಂದೂ ಹಾಕಿಲ್ಲ ಅದೇ ನಿನ್ ಮನಿ, ಯಾಕಂದ್ರ ಮುಂದಿಂದು ತೋರಸ್ಲಿಕ್ಕಿ ಅವರಿಗೇ ನಾಚ್ಕಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಬಂದಮ್ಯಾಲ ದೊಡ್ಡ ಪ್ರಾಜೆಕ್ಟ್ ಮಾರೋ ಏಜೆಂಟರು ರಿಜಿಸ್ಟರ್ ಆಗ್ಲೇಬೇಕು, ಕರ್ನಾಟಕ ರೇರಾ ವೆಬ್‌ಸೈಟಿನ್ಯಾಗ ಅವರ ಪಟ್ಟಿ ಸಿಗ್ತದ, ಅಪಾರ್ಟ್‌ಮೆಂಟ್ ಕೆಲಸ ಬೇಕಂದ್ರ ಅದನ್ನೂ ನೋಡು.

ಪುಕ್ಕಟ ಅಂದ್ರ, ಮೂರು ಬ್ಯಾಡ. ಒಂದು ಮಾಡು. ಅದೂ ಪೂರಾ ಮನಿ ಅಲ್ಲ, ಗೇಟು, ಕಂಪೌಂಡು, ಮುಂದಿನ ಗ್ವಾಡಿ ಇಷ್ಟೇ, ಮಾಲಕನ ಪರವಾನಗಿ ತಗೊಂಡು. ಆ ಮನಿ ಅವನ ಕೈಯಾಗ ಭಾಳ ದಿನದಿಂದ ಸಿಕ್ಕೊಂಡಿದ್ದೇ ಇರ್ಬೇಕು.

ಆದ್ರ ಒಂದು ಮಾತು ನಿಂಗ ಕೈ ಮುಗದು ಹೇಳ್ತೀನಿ. ಪಾಚಿ ಬ್ಯಾರೆ, ಸೀಪೇಜ್ ಬ್ಯಾರೆ. ತೊಳದ ಗ್ವಾಡಿ ನಮ್ ಬಿಸಿಲಿಗಿ ಒಂದು ದಿನದಾಗ ಒಣಗ್ತದ. ಎರಡು ದಿನ ಆದ್ರೂ ಒಂದು ಕಡೆ ಕಪ್ಪಗ ಹಸಿ ಉಳೀತು ಅಂದ್ರ ಇಲ್ಲಾ ಬಿಳೀ ಉಪ್ಪು ಉಬ್ಬಿ ಬಂತು ಅಂದ್ರ ಒಳಗಿಂದ ನೀರು ಬರ್ಲತ್ತದ ಅಂತ ಅರ್ಥ. ಅದನ್ನ ಮುಚ್ಚಬ್ಯಾಡ. ಏಜೆಂಟಗ ಹೇಳು, ಮಾಲಕಗೂ ಹೇಳು. ಮನಿ ತಗೊಳ್ಳೋರು ಜೀವಮಾನದ ಗಳಿಕಿ ತಂದು ಸುರೀತಾರ. ಸೀಪೇಜ್ ಮ್ಯಾಲ ಬಣ್ಣ ಬಳದು ಮಾರಿದ ಮನಿ ಸಂಬಂಧ ನಾ ಒಂದ್ ಸಲ ವರ್ಷಗಟ್ಲೆ ಮಾತು ಕೇಳೀನಿ, ಆ ಮನಿ ಮುಂದ ಹಾದು ಹೋಗ್ಲಿಕ್ಕಿ ಇವತ್ತಿಗೂ ಮನಸಾಗಂಗಿಲ್ಲ. "ತೊಳದಮ್ಯಾಲ ಏನರೆ ಕಂಡ್ರ ನಾ ಹೇಳ್ತೀನಿ" ಅನ್ನೋ ಹುಡುಗ ಸಿಕ್ಕ ಅಂದ್ರ ನಾ ಅವನ ನಂಬರ್ ಬಿಡಂಗಿಲ್ಲ.


ಬೀದರ ಅಕ್ಕ 38

ಕಾಕಾ ಅವರು ಹೇಳಿದ್ದು ಪೂರಾ ಖರೇ ಅದ. ನಾ ಬೀದರದಾಗ ಪೇಂಟಿಂಗ್ ಮತ್ತ ಕ್ಲೀನಿಂಗ್ ಗುತ್ತಗಿ ಹಿಡಿತೀನಿ, ಆರು ಮಂದಿ ಹೆಣ್ಮಕ್ಕಳು ನಾಕು ಮಂದಿ ಗಂಡಸ್ರು ನನ್ ಹತ್ರ ಅದಾರ. ನಂಗ ಕೆಲಸ ಬರೋದು ಹೆಚ್ಚಾಗಿ ಏಜೆಂಟರ ಕಡಿಂದೇ. ನಾ ಹೇಳೋದು ಮಾರ್ಕೆಟಿಂಗ್ ಅಲ್ಲ ಅಂತ ಅನ್ಸ್‌ಬಹುದು ತಮ್ಮಾ, ಆದ್ರ ಏಜೆಂಟರ ಹತ್ರ ಇದೇ ನಡೀತದ, ಏನು ತೊಳೀಬಾರ್ದು ಅಂತ ಗೊತ್ತಿರೋದು.

ನಾ ಶುರು ಮಾಡಿದ ವರ್ಷ ಒಬ್ಬ ಏಜೆಂಟಣ್ಣ ಭಾಳ ನಂಬಿ ಒಂದು ಮನಿ ಕೊಟ್ರು. ಅಂಗಳದಾಗ ಪೂರಾ ಶಹಾಬಾದ್ ಫರಸಿ, ಹಳೀದು, ಕಾಲಾಡಿ ಕಾಲಾಡಿ ನುಣ್ಣಗ ಆಗಿತ್ತು, ನೀರು ಬಿದ್ರ ನೀಲಿ ಕಪ್ಪು ಹೊಳೀತಿತ್ತು. ಅದ್ರ ಮ್ಯಾಲ ಸಿಮೆಂಟಿನ ಕಲಿ, ಬಣ್ಣದ ಹನಿ. ಬಾತ್‌ರೂಮ್ ಟೈಲ್ಸಿಗಿ ಹಾಕ್ತಾರಲ್ಲ ಆ ಆಸಿಡ್ ನೀರಾಗ ಕೂಡಿಸಿ ಸುರಿಸಿದೆ. ಸುರ್ ಅಂತ ನೊರಿ ಎದ್ದು, ನಂಗ ಅನಿಸ್ತು ಹೊಲಸು ಬಿಡ್ಲತ್ತದ ಅಂತ. ಹೊಲಸಲ್ಲ, ಕಲ್ಲೇ ಕರಗ್ಲತ್ತಿತ್ತು. ಶಹಾಬಾದ್ ಕಲ್ಲು ಅಂದ್ರ ಸುಣ್ಣದ ಕಲ್ಲು, ಆಸಿಡ್ ಬಿದ್ರ ಮ್ಯಾಲಿನ ಹೊಳಪು ತಿಂದು ಹಾಕ್ತದ. ಒಣಗಿದಮ್ಯಾಲ ನೋಡಿದ್ರ ಎಲ್ಲೆಲ್ಲಿ ನೀರು ನಿಂತಿತ್ತು ಅಲ್ಲೆಲ್ಲಾ ಬೂದಿ ಬಣ್ಣದ ಕಲಿ, ಕೈ ಆಡಿಸಿದ್ರ ಒರಟ ಒರಟ. ಮತ್ತ ಪಾಲಿಶ್ ಹೊಡಿಸಿ ಕೊಡಬೇಕಾತು, ಆ ಕೆಲಸದ್ದಲ್ಲ, ಆ ತಿಂಗಳದ ಗಳಿಕಿ ಪೂರಾ ಹೋಯ್ತು. ರೊಕ್ಕ ಹೋಗ್ಲಿ, ಆ ಅಣ್ಣ ಎರಡು ವರ್ಷ ನಂಗ ಫೋನ್ ಮಾಡ್ಲಿಲ್ಲ.

ಅದಕ್ಕ ನಿಮ್ ಊರಾಗ ಇದನ್ನ ಪೈಲೆ ಕಲೀರಿ, ಕಲಬುರಗಿದಾಗ ಹಳೀ ಮನಿ ಅಂದ್ರ ಫರಸಿ ಇಲ್ಲದ ಮನಿ ಇಲ್ಲ. ಫರಸಿಗಿ ಆಸಿಡ್ ಬ್ಯಾಡೇ ಬ್ಯಾಡ, ಸಾದಾ ಸೋಪಿನ ನೀರು, ನಾರಿನ ಬ್ರಶ್ಶು, ಕೈ ಜೋರು. ಬ್ರಹ್ಮಪುರ, ಶಹಾಬಜಾರ ಕಡೆ ಹಳೀ ಗಚ್ಚಿನ ಮನಿ ಸಿಕ್ರ ಮಷಿನ್ ಗಾಡ್ಯಾಗೇ ಇರ್ಲಿ, ಆ ಜೋರಿಗಿ ಕಲ್ಲಿನ ಸಂದ್ಯಾಗಿನ ಗಚ್ಚು ಉದುರಿ ಬರ್ತದ. ನಮ್ ಬೀದರದಾಗ ಜಂಬಿಟ್ಟಿಗಿ ಕಲ್ಲಿನ ಕಂಪೌಂಡ್ ಭಾಳ, ಕೆಂಪು ಕಲ್ಲು, ತೂತು ತೂತು ಇರ್ತದ, ನೀರು ಕುಡೀತದ, ಹತ್ತರ ಹಿಡದು ಹೊಡದ್ರ ಕುಳಿ ಬೀಳ್ತಾವ. ಬಣ್ಣದ ಗ್ವಾಡಿಗಿ ಸುದ್ದ ಕೆಂಪು ನಾಜಲ್ (ಮಷಿನ್ ಪೈಪಿನ ತುದಿ ಮೂತಿ) ಹಚ್ಚಬ್ಯಾಡ್ರಿ, ಅದು ಸೊನ್ನಿ ಡಿಗ್ರಿ, ನೀರು ಸೂಜಿ ಹಂಗ ಬರ್ತದ, ಪದರಾ ಕಿತ್ತು ಹೋಗ್ತದ. ಬಿಳೀದು, 40 ಡಿಗ್ರಿದು ಹಚ್ಚಿ ಎರಡು ಮೊಳ ದೂರ ನಿಂತು ಹೊಡೀರಿ. ಪಾಚಿಗಿ ಜೋರು ಬೇಕಾಗಿಲ್ಲ, ಸೋಡಿಯಂ ಹೈಪೋ (ಹೈಪೋಕ್ಲೋರೈಟ್, ಬ್ಲೀಚಿಂಗ್ ದ್ರಾವಣ) ತೆಳ್ಳಗ ನೀರಾಗ ಕೂಡಿಸಿ ಸಿಂಪಡಿಸಿ ಹತ್ತು ಮಿನಿಟ್ ಬಿಟ್ರ ಬೇರಿನಿಂದ ಸಾಯ್ತದ, ಆಮ್ಯಾಲ ಹಗುರಾಗಿ ತೊಳದ್ರ ಸಾಕು. ಗಿಡಕ್ಕ ಮೊದಲೇ ನೀರು ಹಾಕಿ ಮುಚ್ಚಿ ಇಡ್ರಿ. ಹೈಪೋ ಹಾಕಿದ ಜಾಗಾದಾಗ ಆಸಿಡ್ ತರಬ್ಯಾಡ್ರಿ, ಎರಡೂ ಕೂಡಿದ್ರ ಕ್ಲೋರಿನ್ ಗ್ಯಾಸ್ ಏಳ್ತದ, ಉಸರು ಹಿಡೀತದ, ಇದು ಜೀವದ ಮಾತು.

ಯಾವ ಮನಿಗೇ ಹೋಗ್ರಿ, ಪೈಲೆ ಯಾರಿಗೂ ಕಾಣಲಾರದ ಮೂಲ್ಯಾಗ ಒಂದು ಗೇಣು ಜಾಗಾ ತೊಳದು ಮಾಲಕರಿಗಿ ತೋರ್ಸಿ, ಹೂಂ ಅಂದಮ್ಯಾಲ ಮುಂದ ನಡೀರಿ. ನಾ ಈಗ ಏಜೆಂಟರ ಹತ್ರ ಹೋದ್ರ ಇದನ್ನೇ ಹೇಳ್ತೀನಿ, ಈ ಕಲ್ಲಿಗಿ ಇದು ಮಾಡ್ತೀನಿ, ಇದು ಮಾಡಂಗಿಲ್ಲ ಅಂತ. ಅವರಿಗಿ ಸಮಾಧಾನ ಆಗ್ತದ. ಆ ಅಣ್ಣನೂ ಮತ್ತ ಕರೀಲತ್ತಾರ.


ಯಾದಗಿರಿ ಮನಿ

ನಾನು ಏಜೆಂಟ್ ಅಲ್ಲ, ಕ್ಲೀನಿಂಗ್ ಮಾಡೋನೂ ಅಲ್ಲ, ಮಾಲಕ. ಊರು ಯಾದಗಿರಿ, ಕೆಲಸಕ್ಕ ಪುಣೆದಾಗ ಇದ್ದೀನಿ, ಅಪ್ಪ ಕಟ್ಟಿಸಿದ ಮನಿ ಊರಾಗ ಅದ, ಬಾಡಗಿ ಕೊಡೋದು ಬಿಡಿಸೋದು ಎಲ್ಲಾ ಒಬ್ಬ ಏಜೆಂಟರೇ ನೋಡ್ಕೋತಾರ. ರೊಕ್ಕ ಕೊಡೋನು ನಾನೇ ಆದ್ದರಿಂದ ನನ್ ಮನಸಿನ್ಯಾಗ ಏನಿರ್ತದ ಅಂತ ಹೇಳ್ತೀನಿ.

ಹಿಂದಿನ ಬಾಡಗಿಯವರು ಬಿಟ್ಟು ಹೋದಾಗ ಏಜೆಂಟರು ಫೋನ್ ಮಾಡಿ "ಕ್ಲೀನಿಂಗಿಗೆ ಇಷ್ಟಾಗ್ತದ" ಅಂತ ಒಂದು ಮೊತ್ತ ಹೇಳಿದ್ರು. ಕಳಸ್ದೆ. ದೀಪಾವಳಿಗೆ ಊರಿಗೆ ಹೋಗಿ ನೋಡಿದ್ರೆ ಒಳಗ ಫ್ಲೋರ್ ಒರೆಸಿದ್ದು ಬಿಟ್ರೆ ಏನೂ ಆಗಿರ್ಲಿಲ್ಲ, ಗೇಟಿನ ಮೂಲ್ಯಾಗ ಗುಟ್ಕಾ ಉಗುಳಿದ ಕೆಂಪು ಕಲಿ ಹಂಗೇ ಇತ್ತು, ಅಪ್ಪ ದಿನಾ ಸಂಜೀಕ ಕೂತ್ಕೋತಿದ್ದ ಕಟ್ಟೆ ಮೇಲೆ. ಯಾರ ತಪ್ಪು ಅಂತ ಕೇಳೋಕೂ ಆಗ್ಲಿಲ್ಲ, ಎಲ್ಲಾ ಬಾಯಿ ಮಾತಿನಲ್ಲೇ ನಡೆದಿತ್ತು.

ನಿಮ್ಮಂಥ ಹುಡುಗರು ಮಾಡಬೇಕಾದ್ದು ಇಷ್ಟೇ ಅನ್ಸ್ತದೆ ನಂಗೆ. ಕೆಲಸ ಶುರು ಮಾಡೋಕೆ ಮುಂಚೆ ಗೇಟಿನ ಎದುರು ಒಂದು ಜಾಗಾದಾಗ ನಿಂತು ಫೋಟೋ ತೆಗೀರಿ, ಮುಗಿದ ಮೇಲೆ ಅದೇ ಜಾಗಾದಾಗ ನಿಂತು ಅದೇ ಹೊತ್ತಿನ ಬೆಳಕಿನಲ್ಲಿ ತೆಗೀರಿ. ಫಿಲ್ಟರ್ ಹಾಕ್ಬೇಡಿ, ಗೊತ್ತಾಗ್ತದೆ. ಎರಡು ಮಿನಿಟ್ ವಿಡಿಯೋ ಮಾಡಿ, ಮನೆ ಸುತ್ತ ಒಂದು ಸುತ್ತು ನಡೀತಾ. ಅದನ್ನ ಏಜೆಂಟರಿಗೆ ಕಳಿಸಿ, ಅವರು ನಮಗೆ ಕಳಿಸ್ತಾರೆ, ಅವರ ಮರ್ಯಾದೆನೂ ಉಳೀತದೆ. ಏನೇನು ತೊಳೀತೀರಿ, ಎಷ್ಟು, ಅಂತ ಮೊದಲೇ ವಾಟ್ಸಾಪ್‌ನಲ್ಲಿ ಬರೆದು ಕೊಡಿ, ರೊಕ್ಕ ನೇರ ಮಾಲಕರ ಕಡೆಯಿಂದ ಯುಪಿಐ ಮೇಲೆ ತಗೊಳ್ಳಿ. ನಮ್ಮ ಕಲಬುರಗಿ, ಯಾದಗಿರಿ, ಬೀದರ ಕಡೆಯವರು ಪುಣೆ, ಮುಂಬೈ, ಹೈದ್ರಾಬಾದ್, ಬೆಂಗಳೂರು ಅಂತ ಹೊರಗಿರೋರು ಎಷ್ಟು ಜನ ಇದ್ದೀವಿ ನೋಡಿ. ಎಲ್ಲರ ಮನೆ ಕೀಲಿಕೈ ಊರಲ್ಲಿ ಯಾರದೋ ಹತ್ತಿರ ಇದೆ. ನಮಗೆ ಬೇಕಾಗಿರೋದು ಕಣ್ಣು. ಇಂಥ ವಿಡಿಯೋ ಕಳಿಸೋ ಹುಡುಗ ಯಾದಗಿರಿಯಲ್ಲಿ ಇದ್ದಿದ್ರೆ ವರ್ಷಕ್ಕೆ ಎರಡು ಸಲ ನಾನೇ ಕರೀತಿದ್ದೆ, ಏಜೆಂಟರು ಹೇಳೋ ತನಕ ಕಾಯ್ತಿರಲಿಲ್ಲ.


ಆಳಂದ ರೋಡ್

ಕಮಿಷನ್ ಬಗ್ಗೆ ಯಾರೂ ಹೇಳ್ಲಿಲ್ಲ ಅದಕ್ಕ ನಾ ಹೇಳ್ತೀನಿ. ನಂದು ಟಾಕಿ, ಸಂಪು ಕ್ಲೀನಿಂಗ್ ಕೆಲಸ. ನಾ ಏಜೆಂಟರಿಗಿ ನೂರಕ್ಕ ಹತ್ತು ಕೊಡ್ತೀನಿ, ಖರೇ ಹೇಳ್ತೀನಿ, ಆದ್ರ ಮಾಲಕರಿಗಿ ಗೊತ್ತಿದ್ದೇ ಕೊಡ್ತೀನಿ. ಹತ್ತು ಕೊಡ್ಬೇಕು ಅಂತ ರೇಟ್ ಏರಿಸಿ ಹೇಳಿದ್ರ ಒಂದಿಲ್ಲೊಂದು ದಿನ ಮಾಲಕರು ಬ್ಯಾರೆ ಕಡೆ ಕೇಳ್ತಾರ, ಆಗ ಸಿಕ್ಕೊಳ್ಳೋದು ಏಜೆಂಟ, ಅವ ಹೊಳ್ಳಿ ನಿನ್ ಮಾರಿ ನೋಡಂಗಿಲ್ಲ. ಕೆಲವು ಏಜೆಂಟರು ನಂಗ ಬ್ಯಾಡ, ಅದನ್ನ ಮಾಲಕರಿಗೇ ಬಿಡು ಅಂತಾರ, ಅಂಥೋರ ಕೆಲಸನೇ ಹೆಚ್ಚು ದಿನ ಬರ್ತದ ಅಂತ ನಾ ನೋಡೀನಿ.

ಬಿಲ್ ಬುಕ್ ಮಾಡ್ಸು. ಸಣ್ಣ ದಂಧೆದೋರಿಗಿ ಸರ್ಕಾರದ ಉದ್ಯಮ್ ರಿಜಿಸ್ಟ್ರೇಶನ್ ಪುಕ್ಕಟ ಅದ, ಆನ್‌ಲೈನ್ ಮಾಡ್ಕೋ, ಯಾರಿಗೂ ರೊಕ್ಕ ಕೊಡಬ್ಯಾಡ. ಒಟ್ಟು ವ್ಯವಹಾರ ವರ್ಷಕ್ಕ 20 ಲಕ್ಷದ ಒಳಗ ಇರೋ ತನಕ ಸರ್ವಿಸ್ ಕೆಲಸಕ್ಕ ಜಿಎಸ್‌ಟಿ ನಂಬರ್ ಕಡ್ಡಾಯ ಇಲ್ಲ, ಆದ್ರ ಬಿಲ್ಡರ್ ಆಫೀಸಿನೋರು ಬಿಲ್ ಇಲ್ಲದ ಪೇಮೆಂಟ್ ಮಾಡಂಗಿಲ್ಲ.

ಮತ್ತ ಇದು ಮುಖ್ಯ. ಏಜೆಂಟರು ಒಂದ್ ಸಲ ನಂಬಿದ್ರು ಅಂದ್ರ "ಹಂಗೇ ಆ ಸೆಪ್ಟಿಕ್ ಟ್ಯಾಂಕ್ ಸುದ್ದ ಒಂದ್ ಕೈ ನೋಡಪ್ಪ" ಅಂತಾರ. ಒಲ್ಲೆ ಅನ್ನು. ಸುರಕ್ಷತಾ ಸಾಮಾನು ಇಲ್ಲದ ಮನಷ್ಯಾರನ್ನ ಅದ್ರಾಗ ಇಳಸೋದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ಅಪರಾಧ ಅದ, ಒಳಗಿನ ಗ್ಯಾಸಿಗಿ ಇಳದೋನು ಮ್ಯಾಲ ಬರಂಗಿಲ್ಲ. ಸಕ್ಕಿಂಗ್ ಮಷಿನ್ ಗಾಡಿ ನಂಬರ್ ಕೊಟ್ಟು ಕೈ ಮುಗಿ. ದೋಸ್ತಿ ಕೆಟ್ರೂ ಪರವಾಗಿಲ್ಲ.

ಬ್ಯಾಸಿಗಿ ಬಗ್ಗೆನೂ ವಿಚಾರ ಮಾಡು. ಏಪ್ರಿಲ್ ಮೇ ತಿಂಗಳದಾಗ ಕಾಲನ್ಯಾಗ ಮಂದಿ ಕೊಡ ಹಿಡಕೊಂಡು ಟ್ಯಾಂಕರ್ ಹಾದಿ ನೋಡ್ತಿರ್ತಾರ, ಅಂಥ ಹೊತ್ತಿನ್ಯಾಗ ನೀ ಗ್ವಾಡಿಗಿ ನೀರು ಹೊಡ್ಕೋತ ನಿಂತ್ರ ಏನ್ ಚಲೋ ಕಾಣ್ತದ? ನಾ ಆ ಎರಡು ತಿಂಗಳು ನೀರಿನ ಕೆಲಸ ಕಮ್ಮಿ ಮಾಡಿ ಮಾಳಿಗಿ ಕಸ ತಗ್ಯೋದು, ಮಳಿ ನೀರಿನ ಪೈಪ್ ಕಟ್ಟಿದ್ದು ಬಿಡಿಸೋದು ಮಾಡ್ತೀನಿ. ಬದ್ಲಿ ಆಗೋ ನೌಕರರು, ಸಾಲಿ ಶುರು ಆಗೋ ಮುಂಚೆ ಮನಿ ಹುಡುಕೋರು ಎಲ್ಲಾ ಅದೇ ಹೊತ್ತಿಗಿ ಬರ್ತಾರ, ಬಾಡಗಿ ಮನಿಗಿ ಅಷ್ಟು ಮಾಡಿದ್ರ ಸಾಕಾಗ್ತದ.


ತೊಳ್ಯೋ ಹುಡುಗ 32

ಎಲ್ರಿಗೂ ಭಾಳ ಭಾಳ ಧನ್ಯವಾದ್ರೀ. ಮೂರು ವಾರ ಆತು, ಏನಾತು ಅಂತ ಹೇಳ್ಬೇಕು ಅನಿಸ್ತು.

ಕಾಕಾ ಅವರು ಹೇಳಿದಂಗ ಪ್ಯಾಂಪ್ಲೆಟ್ ಬಿಟ್ಟು ಗಾಡಿ ಮ್ಯಾಲ ಸುತ್ತು ಹಾಕಿದೆ. ಜೇವರ್ಗಿ ರೋಡ್ ಕಡೆ ಒಂದು ಕಾಲನ್ಯಾಗ ಎಂಟು ತಿಂಗಳಿಂದ ಖಾಲಿ ಇದ್ದ ಮನಿ ಕಂಡು, 30×40 ಪ್ಲಾಟಿನ್ಯಾಗ ಕಟ್ಟಿದ್ದು, ಬೋರ್ಡಿನ ನಂಬರಿಗಿ ಫೋನ್ ಮಾಡಿ ಏಜೆಂಟ್ ಸರ್‌ಗ ಭೇಟಿ ಆದೆ. ಯಾವ ಮನಿ ಮುಂದಿನಿಂದ ಛಂದ ಕಾಣಂಗಿಲ್ಲ ಅಂತ ನಾ ಕೇಳೋ ಮುಂಚೆನೇ ಅವರೇ ಆ ಮನಿ ಬಗ್ಗೆ ಅರ್ಧ ತಾಸು ಹೇಳಿದ್ರು. ಮಾಲಕರು ಹೈದ್ರಾಬಾದ್‌ದಾಗ ಇರ್ತಾರ, ಫೋನಿನ್ಯಾಗ ಪರವಾನಗಿ ತಗೊಂಡ್ವಿ, ಮುಂದಿನ ಭಾಗ ಪುಕ್ಕಟ ಅಂತ ವಾಟ್ಸಾಪ್‌ನ್ಯಾಗ ಬರದು ಕೊಟ್ಟೆ.

ಫೋಟೋ ಹೊಡದು, ಕರೆಂಟ್ ಮೀಟರಿಗಿ, ಕಾಲಿಂಗ್ ಬೆಲ್ಲಿಗಿ ಪಾಲಿಥೀನ್ ಸುತ್ತಿ, ಹೈಪೋ ಸಿಂಪಡಿಸಿ, ಬಿಳೀ ನಾಜಲ್ ಹಚ್ಚಿ ಹಗುರಾಗಿ ತೊಳದ್ವಿ. ಫರಸಿಗಿ ಬ್ರಶ್ಶೇ, ಅಕ್ಕಾ ಅವರ ಮಾತು ನೆನಪಿಟ್ಟು. ಗೇಟಿನ ಎಡಗಡೆ ಕಂಬದ ಮ್ಯಾಲ ಕರ್ರಗ ಏನೋ ಉಬ್ಬಿದಂಗ ಇತ್ತು, ಸಿಮೆಂಟ್ ಹೆಂಟಿ ಅಂತ ತಿಳ್ಕೊಂಡಿದ್ದೆ. ಬ್ರಶ್ ಆಡಿಸ್ಕೋತ ಹೋದಂಗ ಒಂದೊಂದೇ ಅಕ್ಷರ ಬಂತು, ಸಿಮೆಂಟಿನ್ಯಾಗೇ ತಿದ್ದಿ ಬರದ ಮನಿ ಹೆಸರು, ಕೆಳಗ ಸಣ್ಣದಾಗಿ ಒಂದು ಹೂವು. ಏಜೆಂಟ್ ಸರ್ ಎಂಟು ತಿಂಗಳು ಅಲ್ಲಿ ಹೋಗಿ ಬಂದಾರ, ಅವರಿಗೂ ಗೊತ್ತಿರ್ಲಿಲ್ಲ. ವಿಡಿಯೋ ಕಳಿಸಿದ ಮ್ಯಾಲ ಮಾಲಕರು ನಂಗೇ ಫೋನ್ ಮಾಡಿದ್ರು, ಅದು ಅವರ ತಾಯಿ ಹೆಸರಂತ. ಉಳಿದ ಮೂರೂ ಗ್ವಾಡಿ, ಮಾಳಿಗಿ ರೊಕ್ಕ ಕೊಟ್ಟು ಮಾಡಿಸಿದ್ರು.

ಎರಡನೇ ದಿನ ಹೋಗಿ ನೋಡಿದೆ. ಎಲ್ಲಾ ಒಣಗಿತ್ತು, ಮ್ಯಾಲಿನ ಬಾತ್‌ರೂಮಿನ ಪೈಪ್ ಹತ್ರ ಒಂದು ತಾಟಿನಷ್ಟು ಜಾಗಾ ಮಾತ್ರ ಹಸಿ. ಹೇಳ್ಬೇಕೋ ಬ್ಯಾಡೋ ಅಂತ ಗೇಟಿನ ಹತ್ರ ಭಾಳ ಹೊತ್ತು ನಿಂತೆ. ಹೇಳಿದೆ. ಸರ್‌ಗ ಮೊದಲು ಸಿಟ್ಟು ಬಂತು, ಈಗ್ಯಾಕ ಇದನ್ನ ತಗದಿ ಅಂದ್ರು. ಆದ್ರ ಮಾಲಕರು ಪ್ಲಂಬರ್ ಕಳಿಸಿ ನೋಡಿದ್ರ ಪೈಪಿನ ಜಾಯಿಂಟ್ ಬಿಟ್ಟಿತ್ತು ಅಷ್ಟೇ, ಅರ್ಧ ದಿನದ ಕೆಲಸ. ಮನಿ ಇನ್ನೂ ಮಾರಿಲ್ರಿ, ಸುಳ್ಳು ಹೇಳಂಗಿಲ್ಲ, ಆದ್ರ ಆಮ್ಯಾಲ ಬಂದ ಮೂರು ಪಾರ್ಟಿ ಗೇಟ್ ದಾಟಿ ಒಳಗ ಹೋಗಿ ಅಡಗಿ ಮನಿ ತನಕ ನೋಡ್ಯಾರ ಅಂತ ಸರ್ ಹೇಳಿದ್ರು. ಹೋದ ವಾರ ಅವರೇ ಇನ್ನೊಬ್ಬ ಏಜೆಂಟರಿಗಿ ನನ್ ನಂಬರ್ ಕೊಟ್ಟಾರ, ಹೇಳ್ಕೋತ "ಈ ಹುಡುಗ ಸೋರೋದಿದ್ರ ಸೋರ್ತದ ಅಂತಾನ ನೋಡು" ಅಂದ್ರಂತ. ಎರಡು ಬಾಡಗಿ ಮನಿ ಸಿಕ್ಕಾವ.

ಕಮಿಷನ್ ಬಗ್ಗೆ ಕೇಳಿದೆ, ಅವರು ಬ್ಯಾಡ ಅಂದ್ರು, ಆಫೀಸಿನ ಮುಂದಿನ ಬೋರ್ಡ್ ತೊಳದು ಕೊಡು ಅಂದ್ರು. ತೊಳದು ಕೊಟ್ಟೀನಿ.


ಪ್ಲಾಟ್ ಕಾಕಾ

ಓದಿ ಭಾಳ ಖುಷಿ ಆತು ತಮ್ಮಾ. ಆ ಗೇಟಿನ ಹತ್ರ ನಿಂತಿದ್ದಿ ಅಂದೆಲ್ಲ, ಅಲ್ಲೇ ನಿನ್ ದಂಧೆ ನಿಂತದ.

ನನ್ ಡ್ರಾಯರ್‌ದಾಗೂ ಒಂದು ಕೀಲಿಕೈ ಅದ. ಕುಸನೂರ ರೋಡ್ ಕಡೆ, ಮೂಡಣ ಮಾರಿ ಮನಿ, ಮುಂದ ಪೂರಾ ಫರಸಿ. ನಂಬರ್ ಮೆಸೇಜ್ ಮಾಡೀನಿ ನೋಡು. ಶನಿವಾರ ಬಿಸಿಲು ಏರೋ ಮುಂಚೆ ಬಾ, ಇಲ್ಲಾಂದ್ರ ನಿನ್ ಹೈಪೋ ಗ್ವಾಡಿ ಮ್ಯಾಲೇ ಒಣಗಿ ಹೋಗ್ತದ. ಟಾಕಿ ತುಂಬ್ಕೊಂಡೇ ಬಾ, ಅಲ್ಲಿ ಬೋರ್ ಬತ್ತಿ ಎರಡು ವರ್ಷ ಆತು.